ಎಳ್ಳಷ್ಟು

ಸಾಸ್ಕಟೂನ್, ಜನವರಿ. ಹೊರಗೆ ಮೈನಸ್ ಮೂವತ್ತೆಂಟು.
ಒಳಗೆ, ನನ್ನ ಫ್ರೀಜರಿನಲ್ಲಿ, ಅದಕ್ಕೂ ಇಮ್ಮಡಿ ಚಳಿ.
ಅಲ್ಲಿ ಹನ್ನೊಂದು ಜನ ನಿಂತಿದ್ದಾರೆ
ಕಿರುಬೆರಳುದ್ದದ ಸೀಸೆಗಳಲ್ಲಿ,
ಹೆಸರು ಕಳಚಿಟ್ಟು, ಬರೀ ಅಂಕಿ ಉಟ್ಟು.
ನೆತ್ತರಿನ ಕೆಂಪು ಇಳಿದ ಮೇಲೆ ಉಳಿಯುತ್ತದಲ್ಲ,
ಜೇನುಬಣ್ಣದ ತಿಳಿ, ಅದು ಅವರು.

ಹನ್ನೊಂದು ಜನಕ್ಕೂ ಎಳ್ಳು ಆಗದು.
ಬನ್ನಿನ ಮೇಲಿನ ನಾಲ್ಕು ಕಾಳು ಸಾಕು,
ತುಟಿ ಊದುತ್ತದೆ, ಮಾತು ಸಿಕ್ಕಿಕೊಳ್ಳುತ್ತದೆ.

ಈ ಬಟಾಣಿಗೆ ಎಳ್ಳಿನದೊಂದು ಜೀನು ಸೇರಿಸಿದ್ದಾರೆ.
ಕೋಳಿಗೆ ಬೇಕಾದ ಗಂಧಕದ ಪ್ರೋಟೀನು
ಬಟಾಣಿಯಲ್ಲಿ ಸಾಲದಂತೆ, ಎಳ್ಳಿನಲ್ಲಿ ಧಾರಾಳವಂತೆ.
ಕಂಪನಿಯವನು ಕೈಗವಸು ಬಿಚ್ಚುತ್ತಾ ಹೇಳಿದ:
"ಮನುಷ್ಯರ ತಟ್ಟೆಗೆ ಇದು ಬರುವುದೇ ಇಲ್ಲ.
ಎಳ್ಳಷ್ಟೂ ಅಪಾಯವಿಲ್ಲ."
ಗ್ರೆಟಾ ಥೀಸನ್ ಕಿಟಕಿ ತೋರಿಸಿದಳು.
ಗೂಡ್ಸು ರೈಲು ಹೋಗುತ್ತಿತ್ತು, ನೂರಿಪ್ಪತ್ತು ಡಬ್ಬಿ.
"ಯಾವುದರಲ್ಲಿ ಕೋಳಿಯದು, ಯಾವುದರಲ್ಲಿ ನಮ್ಮದು,
ಇಲ್ಲಿಂದಲೇ ಹೇಳಿ ನೋಡೋಣ."

ನಾನೊಂದು ಗಾಜಿನ ಹೊಟ್ಟೆ ಸಾಕಿದ್ದೇನೆ.
ಆಮ್ಲ, ಪೆಪ್ಸಿನ್, ಮೂವತ್ತೇಳು ಡಿಗ್ರಿ.
ಅದಕ್ಕೆ ಹಸಿವಿಲ್ಲ, ತೇಗಿಲ್ಲ, ಅಮ್ಮನ ನೆನಪಿಲ್ಲ.
ಬಟಾಣಿಯ ಸ್ವಂತ ಪ್ರೋಟೀನು ಎರಡು ನಿಮಿಷಕ್ಕೆ ಕರಗಿತು.
ಅತಿಥಿ ಒಂದು ಗಂಟೆಯಾದರೂ
ಎದ್ದು ಹೋಗುವ ಲಕ್ಷಣ ಕಾಣಲಿಲ್ಲ.

ಆಮೇಲೆ ಹನ್ನೊಂದು ಪಟ್ಟಿ, ಒಂದೊಂದಕ್ಕೂ ಒಬ್ಬರ ತಿಳಿ.
ತೊಟ್ಟಿಲಿನಂತೆ ತೂಗುವ ತಟ್ಟೆ, ರಾತ್ರಿಯಿಡೀ.
ಬೆಳಿಗ್ಗೆ ತೊಳೆದೆ. ಬಣ್ಣ ಹಾಕಿದೆ. ಕಾದೆ.
ಏಳು ಪಟ್ಟಿಗಳಲ್ಲಿ ಅದೇ ಜಾಗದಲ್ಲಿ ಕಪ್ಪು ಗೀರು:
ಬಟಾಣಿಯ ಅಂಗಿ ತೊಟ್ಟು ಬಂದರೂ
ಸಾಲ ಕೊಟ್ಟವನು ಸಂತೆಯಲ್ಲಿ ಗುರುತು ಹಿಡಿದ ಹಾಗೆ.
ನಾಲ್ಕನೆಯದು ಎಲ್ಲಕ್ಕಿಂತ ಗಾಢ.

ನಾಲ್ಕು ಎಂದರೆ ಒರಿಸ್ಯಾ ಪಾನ್ಚುಕ್, ನನಗೆ ಗೊತ್ತಿರಬಾರದು,
ಆದರೆ ಅವಳ ತೋಳಿಗೆ ಪಟ್ಟಿ ಕಟ್ಟಿದವಳು ನಾನೇ.
ಶಾಲೆಯ ಬಸ್ಸು ಓಡಿಸುತ್ತಾಳೆ.
ತಂಗಿಯ ಮದುವೆಯಲ್ಲಿ ಗಸಗಸೆಯ ಸುರುಳಿ ಎಂದುಕೊಂಡು
ಒಂದೇ ಒಂದು ತುಂಡು ತಿಂದಿದ್ದಳು. ಅದರಲ್ಲಿ ಎಳ್ಳೂ ಇತ್ತು.
"ಮೇಜುಬಟ್ಟೆ, ಹೂದಾನಿ, ಮಾವನ ಸೂಪು,
ಎಲ್ಲವನ್ನೂ ಎಳೆದುಕೊಂಡೇ ಬಿದ್ದೆ ನೋಡು"
ಎಂದು ಸೂಜಿ ಚುಚ್ಚುವಾಗ ನಕ್ಕಿದ್ದಳು.

ಕಂಪನಿ ಸದ್ದಿಲ್ಲದೆ ಹಿಂದೆ ಸರಿಯಿತು.
ಹದಿನಾರು ಚೀಲ ಬೀಜ ಸುಟ್ಟರು; ಆರು ವರ್ಷದ ಕೆಲಸಕ್ಕೆ
ಎಳ್ಳುನೀರು ಬಿಟ್ಟರು ಎನ್ನಬಹುದು, ಬೇಕಿದ್ದರೆ.
ಪೇಪರಿನಲ್ಲಿ ಬರಲಿಲ್ಲ.
ಆಗದೇ ಹೋದದ್ದಕ್ಕೆ ಯಾರು ಸುದ್ದಿ ಬರೆಯುತ್ತಾರೆ?

ಶನಿವಾರ ಅಂಗಡಿಯ ಸರತಿಯಲ್ಲಿ ಅವಳು ನನ್ನ ಮುಂದೆ.
ಕನ್ನಡಕ ಹಣೆಗೇರಿಸಿ, ಬ್ರೆಡ್ಡಿನ ಪೊಟ್ಟಣವನ್ನು
ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು
ಸಣ್ಣಕ್ಷರ ಓದುತ್ತಿದ್ದಳು, ತುಟಿ ಅಲುಗಿಸುತ್ತಾ.
ನಿನ್ನ ಮೂರು ಹನಿ ಮೊನ್ನೆ ಒಂದು ಬೆಳೆಯನ್ನೇ ತಡೆಯಿತು
ಎನ್ನಬೇಕೆಂದಿದ್ದೆ. ಸಹಿ ಹಾಕಿಕೊಟ್ಟ ಬಾಯಿ.
"ಚಳಿ" ಎಂದೆ.
"ಬಸ್ಸೇ ಸ್ಟಾರ್ಟ್ ಆಗಲಿಲ್ಲ" ಎಂದಳು,
ಬ್ರೆಡ್ಡನ್ನು ವಾಪಸು ಇಟ್ಟಳು.

ಸೋಮವಾರ ಹೊಸ ಕಡತ. ಈ ಸಲ ಮಸೂರ.
ಜೀನು ಬಂದದ್ದು ಯಾವುದೋ ಬಿಸಿನೀರ ಬುಗ್ಗೆಯ ಸೂಕ್ಷ್ಮಜೀವಿಯಿಂದ.
ಅದನ್ನು ಯಾರೂ ತಿಂದಿಲ್ಲ, ಯಾವ ಅಜ್ಜಿಯೂ ಬೇಯಿಸಿಲ್ಲ.
ಕಂಪ್ಯೂಟರು ತನಗೆ ಗೊತ್ತಿರುವ ಕೇಡಿಗರ ಜೊತೆಗೆಲ್ಲ
ಹೋಲಿಸಿ ನೋಡಿತು: ಚಹರೆ ಕೂಡುತ್ತಿಲ್ಲ.
ಈಗ ಯಾರ ನೆತ್ತರನ್ನು ಕೇಳಲಿ?
ಎಂದೂ ಭೇಟಿಯಾಗದವನ ಗುರುತು ಹೇಳು ಎಂದರೆ
ಒರಿಸ್ಯಾ ತಾನೇ ಏನು ಹೇಳಿಯಾಳು?

ಫಾರಮ್ಮಿನ ಕೊನೆಯ ಚೌಕದಲ್ಲಿ ಗ್ರೆಟಾ
"ಇಲ್ಲ" ಎಂದು ಬರೆದು, ಹೊಡೆದುಹಾಕಿ,
"ಸಂಭವ ಕಡಿಮೆ" ಎಂದು ಬರೆದಳು.
ಎಷ್ಟು ಕಡಿಮೆ ಎಂದು ನಾನು ಕೇಳಲಿಲ್ಲ.
ಗಾಜಿನ ಹೊಟ್ಟೆಯನ್ನು ತೊಳೆದು
ಮತ್ತೆ ಮೂವತ್ತೇಳಕ್ಕೆ ಇಟ್ಟೆ.